ಹಾಸನ–ಚಿಕ್ಕಮಗಳೂರು ಸೀಮೆಯಲ್ಲಿ ಸೈಕಲ್ಲಿಗೆ ಯಾವ ದಾರಿ?

ನಕ್ಷೆಯಲ್ಲಿ ಗೆರೆ ಸಣ್ಣಗಿದ್ದರೆ ರಸ್ತೆ ಖಾಲಿ ಇರುತ್ತದೆ ಎಂದು ನಂಬಿ ಹೊರಟವರು ಚಿಕ್ಕಮಗಳೂರಿನಲ್ಲಿ ಮೋಸ ಹೋಗುತ್ತಾರೆ. ಕೈಮರದಿಂದ ಮುಳ್ಳಯ್ಯನಗಿರಿ ಹತ್ತುವ ರಸ್ತೆಯಲ್ಲಿ ಎರಡು ಕಾರು ಎದುರಾದರೆ ಒಂದು ನಿಂತೇ ದಾರಿ ಬಿಡಬೇಕು, ಅಷ್ಟು ಸಣ್ಣದು. ಭಾನುವಾರ ಹತ್ತು ಗಂಟೆಗೆ ಅಲ್ಲಿ ಸೈಕಲ್ ನುಗ್ಗಿಸಲೂ ಜಾಗ ಸಿಗುವುದಿಲ್ಲ. ಅದೇ ಕಳಸದಿಂದ ಮಾಗುಂಡಿಗೆ ಭದ್ರೆಯ ಪಕ್ಕದಲ್ಲಿ ಬರುವ ದಾರಿ ನೋಡಿ: ವಾರದ ನಡುವಿನ ದಿನ ಆಗೊಂದು ಈಗೊಂದು ಬಸ್ಸು, ನಾಲ್ಕು ಬೈಕು, ತೋಟಕ್ಕೆ ಆಳು ಕರೆದೊಯ್ಯುವ ಒಂದು ಜೀಪು. ಅಷ್ಟೇ.

ಹಾಗಾಗಿ ಈ ಎರಡು ಜಿಲ್ಲೆಗಳಲ್ಲಿ ದಾರಿಗಳನ್ನು ತೂಗಿ ನೋಡುವಾಗ ಏರು ಎಷ್ಟು, ಕಿಲೋಮೀಟರ್ ಎಷ್ಟು ಎನ್ನುವುದು ಎರಡನೆಯ ಲೆಕ್ಕ. ಎದುರಿಗೆ ಏನು ಬರುತ್ತದೆ, ಯಾವ ಹೊತ್ತಿಗೆ ಬರುತ್ತದೆ ಎನ್ನುವುದು ಮೊದಲನೆಯದು. ಪ್ರವಾಸಿಗಳ ಕಾರೋ, ಜಲ್ಲಿ ತುಂಬಿದ ಟಿಪ್ಪರೋ, ಧರ್ಮಸ್ಥಳಕ್ಕೆ ಓಡುವ ಬಸ್ಸೋ, ಆನೆಯೋ. ನಾಲ್ಕಕ್ಕೂ ಬೇರೆ ಬೇರೆ ಉಪಾಯ ಬೇಕು. ಕೆಳಗೆ ಸದ್ದಿಲ್ಲದ ರಸ್ತೆ ಹುಡುಕುವವರಿಗಾಗಿ ಏಳು ದಾರಿಗಳಿವೆ. ಎಲ್ಲವಕ್ಕೂ ಒಂದೇ ಅಳತೆಯ ಮಾತು ಬೇಕಿಲ್ಲ, ಕೆಲವನ್ನು ಎರಡು ಸಾಲಿನಲ್ಲಿ ಮುಗಿಸಬಹುದು.

ಮೈದಾನದ ಅಂಚು: ಬೇಲೂರು, ಹಳೇಬೀಡು, ಬೆಳವಾಡಿ

ಮೊದಲ ಸಲ ಈ ಸೀಮೆಗೆ ಸೈಕಲ್ ತರುವವರಿಗೆ ನಾವು ಹೇಳುವುದು ಇದನ್ನೇ. ಚಿಕ್ಕಮಗಳೂರಿನಿಂದ ಬೇಲೂರು ಸುಮಾರು 25 ಕಿ.ಮೀ., ಅಲ್ಲಿಂದ ಹಳೇಬೀಡು 16 ಕಿ.ಮೀ., ಹಳೇಬೀಡಿನಿಂದ ಬೆಳವಾಡಿ ಹತ್ತು ಹನ್ನೆರಡು, ಬೆಳವಾಡಿಯಿಂದ ಮತ್ತೆ ಚಿಕ್ಕಮಗಳೂರಿಗೆ ಮೂವತ್ತರ ಆಸುಪಾಸು. ಒಟ್ಟು ಒಂದು ಸುತ್ತು 80 ಕಿ.ಮೀ. ಬೇಲೂರಿನ ಚೆನ್ನಕೇಶವ ಗುಡಿ 1117ರದ್ದು. 2023ರಲ್ಲಿ ಬೇಲೂರು, ಹಳೇಬೀಡು ಎರಡೂ ಯುನೆಸ್ಕೋ ಪಟ್ಟಿಗೆ ಸೇರಿದವು. ಹಾಗಾಗಿ ಅವೆರಡರ ನಡುವಿನ 16 ಕಿ.ಮೀ.ನಲ್ಲಿ ಶನಿವಾರ, ಭಾನುವಾರ ಪ್ರವಾಸಿ ಬಸ್ಸು ಇದ್ದೇ ಇರುತ್ತದೆ. ಅದು ಬಿಟ್ಟರೆ ಬೆಳವಾಡಿ ಕಡೆಯದು ತೆರೆದ ಹೊಲದ ದಾರಿ. ತೆಂಗು, ರಾಗಿ, ಕೆರೆ ಏರಿ, ಮೂರು ಗರ್ಭಗುಡಿಯ ವೀರನಾರಾಯಣನ ಗುಡಿ. ಗುಡಿಯ ಮುಂದೆ ಸೈಕಲ್ ನಿಲ್ಲಿಸಿ ಅರ್ಧ ಗಂಟೆ ಕೂತರೂ ಕೇಳುವವರಿಲ್ಲ.

ಯಾವ ಕಡೆಯಿಂದ ಸುತ್ತಬೇಕು ಎನ್ನುವುದರಲ್ಲೇ ಅರ್ಧ ಸುಖ ಇದೆ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಹಳೇಬೀಡು 880ರ ಹತ್ತಿರ. ಯಾವ ಕಡೆಯಿಂದ ಹೋದರೂ ಹೋಗುವಾಗ ಇಳಿಕೆ, ಬರುವಾಗ ಏರು. ಬೇಲೂರು ರಸ್ತೆ ಹೆದ್ದಾರಿಯಂಥದ್ದು. ಬೆಳಗ್ಗೆ ಏಳರೊಳಗೆ ದಾಟಿಬಿಟ್ಟರೆ ಸಲೀಸು, ಮಧ್ಯಾಹ್ನ ಅಲ್ಲಿ ಸಿಕ್ಕಿಹಾಕಿಕೊಂಡರೆ ಕಿವಿ ತುಂಬ ಹಾರ್ನು. ಅದಕ್ಕೇ ಅಕ್ಟೋಬರಿನಿಂದ ಮೇವರೆಗೆ ಬೇಲೂರನ್ನು ಮೊದಲು ಮುಗಿಸಿ, ಬೆಳವಾಡಿ ಮೇಲೆ ವಾಪಸು ಬನ್ನಿ. ಜೂನಿನಿಂದ ಆಗಸ್ಟ್‌ವರೆಗೆ ಲೆಕ್ಕ ತಿರುವುಮುರುವು. ಆಗ ಪಡುವಣ ಗಾಳಿ ಆ ಬಯಲಿನಲ್ಲಿ ಅಡ್ಡಗಟ್ಟಿ ಬೀಸುತ್ತದೆ, ಬೆಳವಾಡಿಯಿಂದ ಚಿಕ್ಕಮಗಳೂರು ನೇರ ಪಶ್ಚಿಮಕ್ಕೆ. ಮೂವತ್ತು ಕಿ.ಮೀ. ಏರು, ಜೊತೆಗೆ ಎದುರುಗಾಳಿ; ಗಟ್ಟಿಗರೂ ಬೈದುಕೊಳ್ಳುತ್ತಾರೆ. ಆಗ ಬೆಳವಾಡಿ ಮೊದಲು, ಬೇಲೂರು ಕೊನೆಗೆ. ಎದುರುಗಾಳಿ ಹಳೇಬೀಡು–ಬೇಲೂರು ನಡುವೆ ಮಾತ್ರ ಉಳಿಯುತ್ತದೆ.

ಈ ದಾರಿಯಲ್ಲಿ ಕೆಡುವುದು ಒಂದೇ, ಆದರೆ ಕೆಟ್ಟರೆ ಮನೆಗೆ ನಡೆದೇ ಬರಬೇಕು. ಡಿಸೆಂಬರ್, ಜನವರಿಯಲ್ಲಿ ರೈತರು ಹುರುಳಿ, ರಾಗಿಯನ್ನು ರಸ್ತೆ ಮೇಲೆ ಹರಡುತ್ತಾರೆ, ಓಡಾಡುವ ಗಾಡಿಗಳೇ ಒಕ್ಕಣೆ ಮಾಡಿಕೊಡಲಿ ಎಂದು. ಕಾರಿಗೆ ಅದೇನೂ ಅಲ್ಲ. ಸೈಕಲ್ಲಿಗೆ ಹುರುಳಿ ಬಳ್ಳಿ ಎಂದರೆ ಹಗ್ಗ. ಹಿಂದಿನ ಚಕ್ರದಿಂದ ಎದ್ದು, ಗೇರ್ ಬದಲಿಸಲು ಚೈನನ್ನು ಸರಿಸುವ ಡಿರೇಲರಿನ ಪುಟ್ಟ ಹಲ್ಲುಚಕ್ರಗಳಿಗೆ ಸುತ್ತಿಕೊಳ್ಳುತ್ತದೆ. ನೀವು ಇನ್ನೊಂದು ಸುತ್ತು ತುಳಿದರೆ ಡಿರೇಲರ್ ಹಿಂದಕ್ಕೆ ಎಳೆದುಕೊಂಡು, ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಬಾಗುತ್ತದೆ, ಇಲ್ಲವೇ ಮುರಿಯುತ್ತದೆ. ಸರಿಯಾದ ಕ್ರಮ ಹೀಗೆ: ಹರಡಿದ್ದು ಕಂಡ ಕೂಡಲೇ ತುಳಿಯುವುದು ನಿಲ್ಲಿಸಿ, ಓಟದಲ್ಲೇ ಜಾರಿಸಿಕೊಂಡು ದಾಟಿ, ರಾಶಿ ಉದ್ದ ಇದ್ದರೆ ಇಳಿದು ಹಿಂದಿನ ಚಕ್ರ ಎತ್ತಿ ನಡೆಯಿರಿ. ಸುತ್ತಿಕೊಂಡೇಬಿಟ್ಟಿತೋ, ಪೆಡಲನ್ನು ಮುಂದಕ್ಕೂ ತಿರುಗಿಸಬೇಡಿ, ಹಿಂದಕ್ಕೂ ಬೇಡ. ಸೈಕಲ್ ಮಲಗಿಸಿ ಬಳ್ಳಿಯನ್ನು ಚಾಕುವಿನಿಂದ ತುಂಡು ಮಾಡಿ ಒಂದೊಂದೇ ಎಳೆಯಿರಿ. ಆಮೇಲೆ ಹಿಂದಿನಿಂದ ಕೂತು ನೋಡಿ: ಡಿರೇಲರಿನ ಎರಡು ಪುಟ್ಟ ಚಕ್ರಗಳೂ ಮೇಲಿನ ಗೇರ್ ಹಲ್ಲೂ ಒಂದೇ ಗೆರೆಯಲ್ಲಿರಬೇಕು. ಕೆಳಭಾಗ ಚಕ್ರದ ಕಡೆಗೆ ವಾಲಿದ್ದರೆ ಅತಿ ದೊಡ್ಡ ಹಲ್ಲಿನ ಗೇರಿಗೆ ಹಾಕಲೇಬೇಡಿ. ಹಾಕಿದರೆ ಡಿರೇಲರ್ ಕಡ್ಡಿಗಳಿಗೆ ಸಿಕ್ಕಿ, ಎರಡು ಸಾವಿರದಲ್ಲಿ ಮುಗಿಯುವ ಕೆಲಸ ಹತ್ತು ಸಾವಿರಕ್ಕೆ ಏರುತ್ತದೆ. ನಿಮ್ಮ ಸೈಕಲ್ಲಿನ ಮಾದರಿಯ ಹ್ಯಾಂಗರ್ ಒಂದನ್ನು ಸೀಟಿನ ಚೀಲದಲ್ಲಿ ಇಟ್ಟುಕೊಳ್ಳಿ. ತಾಲ್ಲೂಕು ಊರಿನ ಅಂಗಡಿಯಲ್ಲಿ ಅದು ಸಿಗುವುದಿಲ್ಲ.

ಗೊರೂರು, ಶೆಟ್ಟಿಹಳ್ಳಿ

ಹಾಸನದಲ್ಲಿ ಉಳಿದುಕೊಂಡವರಿಗೆ, ಮಕ್ಕಳನ್ನು ಜೊತೆಗೆ ಕರೆದೊಯ್ಯುವವರಿಗೆ ಇದು. ಹೇಮಾವತಿ ಹಿನ್ನೀರಿನ ದಂಡೆಯಲ್ಲಿರುವ ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಗೆ ಊರಿನಿಂದ ಇಪ್ಪತ್ತು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಏರು ಎನ್ನುವಂಥ ಏರಿಲ್ಲ. ಮಳೆಗಾಲ ಮುಗಿದು ಗೊರೂರು ಅಣೆಕಟ್ಟು ತುಂಬಿದಾಗ ಇಗರ್ಜಿ ಅರ್ಧ ಮುಳುಗಿರುತ್ತದೆ, ಬೇಸಿಗೆಯಲ್ಲಿ ಬುಡದವರೆಗೂ ಹೋಗಬಹುದು. ಒಣಗಿದ ಹಿನ್ನೀರಿನ ಮಣ್ಣು ನೋಡಲು ಗಟ್ಟಿ. ಮೇಲೆ ಪದರ, ಒಳಗೆ ಅಂಟು ಕೆಸರು. ಸಣ್ಣ ಟೈರು ಹುಗಿದುಕೊಳ್ಳುತ್ತದೆ. ಸೈಕಲ್ ಮೇಲೇ ಬಿಟ್ಟು ನಡೆಯಿರಿ. ಇಷ್ಟು ಸಾಕು ಇದರ ಬಗ್ಗೆ.

ಗಿರಿ: ಎಲ್ಲರೂ ಕೇಳುವುದು, ನಾವು ಕೊನೆಗೆ ಹೇಳುವುದು

ಮುಳ್ಳಯ್ಯನಗಿರಿ 1,930 ಮೀಟರ್, ಕರ್ನಾಟಕದಲ್ಲಿ ಅದಕ್ಕಿಂತ ಎತ್ತರದ ಶಿಖರವಿಲ್ಲ. ಚಿಕ್ಕಮಗಳೂರಿನಿಂದ ಸುಮಾರು 20 ಕಿ.ಮೀ. ಊರಿಗೂ ಶಿಖರಕ್ಕೂ 840 ಮೀಟರ್ ಅಂತರ. ಒಟ್ಟಾರೆ ಭಾಗಿಸಿದರೆ ನೂರಕ್ಕೆ ನಾಲ್ಕು ಎನ್ನುವ ಸಾಧು ಏರು ಕಾಣುತ್ತದೆ. ಅದನ್ನು ನಂಬಬೇಡಿ. ಕೈಮರದವರೆಗಿನ ದಾರಿ ಹೆಚ್ಚುಕಡಿಮೆ ಮಟ್ಟಸ. ಏರೆಲ್ಲ ಉಳಿದ ಭಾಗದಲ್ಲಿ ತುಂಬಿಕೊಂಡಿದೆ. ಸೀತಾಳಯ್ಯನಗಿರಿ ದಾಟಿದ ಮೇಲೆ ಕಾಲು ಸೋತಿರುವಾಗಲೇ ತಿರುವು ಕಡಿದಾಗುತ್ತದೆ, ಮರ ಮುಗಿದು ಹುಲ್ಲು ಶುರುವಾಗಿ ಗಾಳಿಗೆ ತಡೆ ಇರುವುದಿಲ್ಲ. ಕೊನೆಗೆ ರಸ್ತೆ ನಿಲ್ಲುತ್ತದೆ, ಮೆಟ್ಟಿಲು ಶುರು.

ದಾರಿ ಚೆಂದ, ಅನುಮಾನವಿಲ್ಲ. ಆದರೆ ‘ಸದ್ದಿಲ್ಲದ ರಸ್ತೆ’ ಎಂಬ ಹೆಸರಿಗೆ ಇದು ತಕ್ಕುದಾಗುವುದು ಮಂಗಳವಾರದಿಂದ ಗುರುವಾರದವರೆಗೆ, ಅದೂ ಬೆಳಗ್ಗೆ ಒಂಬತ್ತರೊಳಗೆ. ಶನಿವಾರ, ಭಾನುವಾರ, ದತ್ತಜಯಂತಿಯ ಸುತ್ತಿನ ದಿನಗಳು, ಡಿಸೆಂಬರಿನ ಕೊನೆಯ ವಾರ ಬೇಡವೇ ಬೇಡ. ಹತ್ತುವಾಗ ನಿಮ್ಮ ವೇಗ ಗಂಟೆಗೆ ಏಳೆಂಟು ಕಿ.ಮೀ.; ಹಿಂದೆ ಕಾರಿನ ಸಾಲು ಕಟ್ಟುತ್ತದೆ. ಘಾಟಿ ಓಡಿಸಿ ರೂಢಿಯಿಲ್ಲದ ಚಾಲಕ ಕ್ಲಚ್ ಸುಟ್ಟುಕೊಂಡು ಹಿಂದಕ್ಕೆ ಜಾರುತ್ತಾನೆ, ನೀವು ಅವನ ಹಿಂದೆ ಇರಬಾರದು. ಮುಂದಿನ ಕಾರಿಗೂ ನಿಮಗೂ ಏರಿನಲ್ಲಿ ಕಡೇಪಕ್ಷ ಎರಡು ಕಾರಿನ ಉದ್ದದ ಜಾಗ ಇರಲಿ. ಬಾಬಾಬುಡನ್‌ಗಿರಿ, ಮಾಣಿಕ್ಯಧಾರೆಗೂ ಇದೇ ಮಾತು. ದಾರಿ ಇನ್ನೂ ಉದ್ದ, ಜನ ಅಷ್ಟೇ.

ಅರ್ಧ ದಿನ ಮಾತ್ರ ಇದ್ದರೆ ಗಿರಿಯ ಬದಲು ಹಿರೇಕೊಳಲೆ ಕೆರೆಗೆ ಹೋಗಿ ಬನ್ನಿ. ಹತ್ತು ಕಿ.ಮೀ. ಅದೇ ಬೆಟ್ಟಗಳು ಎದುರಿಗೆ ನಿಂತಿರುತ್ತವೆ. ಮುತ್ತೋಡಿ ಕಡೆ ಆಸೆಪಡುವವರು ನೆನಪಿಡಬೇಕಾದ್ದು: ಅದು ಭದ್ರಾ ಹುಲಿ ಮೀಸಲು ಪ್ರದೇಶ, ಅರಣ್ಯದ ಗೇಟಿನಿಂದ ಆಚೆಗೆ ಸೈಕಲ್ ಸವಾರಿಗೆ ಜಾಗವಲ್ಲ.

ಆಲ್ದೂರಿನ ದಾರಿಯೋ, ಕಳಸದ ದಾರಿಯೋ

ನಿಜವಾದ ಆಯ್ಕೆ ಇರುವುದು ಇಲ್ಲಿ. ಎರಡೂ ಕಾಫಿ ತೋಟದ ನೆರಳಿನ ದಾರಿ, ಎರಡೂ ಭದ್ರೆಗೆ ಇಳಿಯುತ್ತವೆ. ಆದರೆ ಸ್ವಭಾವ ಬೇರೆ.

ಚಿಕ್ಕಮಗಳೂರು–ಆಲ್ದೂರು–ಬಾಳೆಹೊನ್ನೂರು ಸುಮಾರು 50 ಕಿ.ಮೀ. ಡಾಂಬರು ಒಟ್ಟಿನಲ್ಲಿ ಚೆನ್ನಾಗಿರುತ್ತದೆ, ನಡುನಡುವೆ ಊರು, ಹೋಟೆಲ್, ಪಂಚರ್ ಅಂಗಡಿ ಸಿಗುತ್ತವೆ. ಬಾಳೆಹೊನ್ನೂರಿನ ಹತ್ತಿರ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರವಿದೆ. ತೊಂದರೆ ಏನೆಂದರೆ ಶೃಂಗೇರಿಗೆ, ಹೊರನಾಡಿಗೆ ಹೋಗುವ ಬಾಡಿಗೆ ಗಾಡಿಗಳೂ ಇದೇ ದಾರಿ ಹಿಡಿಯುತ್ತವೆ. ಬೆಂಗಳೂರಿನಿಂದ ರಾತ್ರಿ ಹೊರಟ ಟೆಂಪೋ ಟ್ರಾವೆಲರ್‌ಗಳು ಆಲ್ದೂರು ದಾಟುವುದು ಬೆಳಗಿನ ಹೊತ್ತಿಗೇ, ಚಾಲಕನ ಕಣ್ಣಲ್ಲಿ ನಿದ್ದೆ. ಶನಿವಾರ ಬೆಳಗ್ಗೆ ಈ ರಸ್ತೆ ಬೇಡ. ಸೋಮವಾರ ಇದೇ ರಸ್ತೆ ಹಾಯಾಗಿರುತ್ತದೆ.

ಕೊಟ್ಟಿಗೆಹಾರ–ಬಾಳೂರು–ಹಿರೇಬೈಲು–ಕಳಸ ನಲವತ್ತರ ಆಸುಪಾಸು. ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಬರುವ ಹೆದ್ದಾರಿ ತುಂಡೊಂದನ್ನು ಸಹಿಸಿಕೊಂಡರೆ ಸಾಕು, ಆಮೇಲೆ ಲಾರಿ ಸದ್ದು ಕಿವಿಯಿಂದ ಬಿಡುತ್ತದೆ. ಇಲ್ಲಿ ಒಂದು ಉದ್ದ ಏರು ಇಲ್ಲ. ಹಳ್ಳಕ್ಕೆ ಇಳಿ, ಮೋರಿ ದಾಟು, ಮತ್ತೆ ಏರು, ಮತ್ತೆ ಇಳಿ. ಇಂಥದ್ದು ಇಪ್ಪತ್ತು ಸಲ. ಒಂದೇ ಸಮ ತುಳಿದು ರೂಢಿಯಾದವರಿಗೆ ಇದು ಗಿರಿಗಿಂತ ಸುಸ್ತು, ಏಕೆಂದರೆ ಪ್ರತಿ ಇಳಿಜಾರಿನ ಕೊನೆಯಲ್ಲಿ ಮೋರಿ, ಅದರ ಹಿಂದೆಯೇ ಕುರುಡು ತಿರುವು. ಬಂದ ಓಟವನ್ನು ಏರಿಗೆ ಬಳಸಲು ಆಗುವುದಿಲ್ಲ, ಬ್ರೇಕ್ ಹಿಡಿಯಲೇಬೇಕು. ಮೋರಿಗೆ ಬರುವ ಮುಂಚೆಯೇ ಗೇರ್ ಇಳಿಸಿಕೊಳ್ಳಿ. ಏರಿನಲ್ಲಿ ಒತ್ತಿ ತುಳಿಯುತ್ತ ಇಳಿಸಿದರೆ ಚೈನು ಕಳಚಿ ಫ್ರೇಮಿಗೂ ಹಲ್ಲಿಗೂ ನಡುವೆ ಸಿಕ್ಕಿಕೊಳ್ಳುತ್ತದೆ.

ಎರಡರಲ್ಲಿ ಒಂದು ಎಂದರೆ ನಮ್ಮ ಮತ ಕಳಸಕ್ಕೆ. ಸಾಧ್ಯವಾದರೆ ಎರಡು ದಿನ ಮಾಡಿ: ಮೊದಲ ದಿನ ಮೂಡಿಗೆರೆಯಿಂದ ಕಳಸ, ಮರುದಿನ ಕಳಸದಿಂದ ಮಾಗುಂಡಿ ಮೇಲೆ ಬಾಳೆಹೊನ್ನೂರು. ಎರಡನೆಯ ದಿನದ ದಾರಿ ನದಿಯ ಜೊತೆಗೇ ಸಾಗುವುದರಿಂದ ದೊಡ್ಡ ಏರಿಲ್ಲ. ಹೊರನಾಡಿಗೆ ಹೋಗಿ ಬರುವವರು ಮಳೆಗಾಲದಲ್ಲಿ ಹೆಬ್ಬಾಳೆ ಸೇತುವೆಯ ಸುದ್ದಿ ಕಳಸದಲ್ಲೇ ಕೇಳಿಕೊಳ್ಳಬೇಕು. ಭದ್ರೆ ಉಕ್ಕಿದರೆ ಅದು ಮುಳುಗುವುದು ವಾಡಿಕೆ. ನೀರು ಅರ್ಧ ಅಡಿ ಮಾತ್ರ ಹರಿಯುತ್ತಿದ್ದರೂ ಸೈಕಲ್ ತಳ್ಳಿಕೊಂಡು ದಾಟಲು ಹೋಗಬೇಡಿ. ಚಕ್ರದ ಕಡ್ಡಿಗಳಿಗೆ ನೀರಿನ ಸೆಳೆತ ಸಿಕ್ಕರೆ ಸೈಕಲ್ಲೇ ನಿಮ್ಮನ್ನು ಎಳೆದೊಯ್ಯುತ್ತದೆ.

ದಾರಿ ಕೇಳುವಾಗ ಒಂದು ಮಾತು. ತೋಟದ ಸೀಮೆಯಲ್ಲಿ ‘ಇಲ್ಲೇ, ಹತ್ರ’ ಎಂದರೆ ಜೀಪಿನ ಹತ್ತಿರ. ‘ಎಷ್ಟು ದೂರ’ ಎಂದು ಕೇಳುವ ಬದಲು ‘ಅಣ್ಣ, ನಡುವೆ ಎಷ್ಟು ಏರು ಸಿಗುತ್ತೆ?’ ಎಂದು ಕೇಳಿ. ಆ ಲೆಕ್ಕ ಯಾರೂ ತಪ್ಪು ಹೇಳುವುದಿಲ್ಲ.

ಘಾಟಿ ಇಳಿಯುವವರಿಗೆ: ಚಾರ್ಮಾಡಿಯೋ, ಬಿಸ್ಲೆಯೋ

ಶಿರಾಡಿಯ ಮಾತೇ ಬೇಡ. ಅದು ರಾಷ್ಟ್ರೀಯ ಹೆದ್ದಾರಿ 75, ಮಂಗಳೂರು ಬಂದರಿನ ಲಾರಿಗಳ ದಾರಿ.

ಚಾರ್ಮಾಡಿ ಹೆದ್ದಾರಿ 73. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಮಲಯಮಾರುತ ಅತಿಥಿಗೃಹದ ಹತ್ತಿರ ನಿಂತು, ಅಣ್ಣಪ್ಪಸ್ವಾಮಿ ಗುಡಿಗೆ ಕೈಮುಗಿದು ಇಳಿಯುವುದು ಒಂದು ಸುಖ ಎನ್ನುವುದು ನಿಜ. ಭಾರೀ ಮಳೆಯಲ್ಲಿ ಗುಡ್ಡ ಕುಸಿಯುವ ಘಾಟಿಯೂ ಇದೇ. 2019ರ ಆಗಸ್ಟಿನಲ್ಲಿ ಕುಸಿದು ರಸ್ತೆ ಮುಚ್ಚಿತ್ತು. ಮಳೆಗಾಲದಲ್ಲಿ ಜಿಲ್ಲಾಡಳಿತ ಸಂಚಾರಕ್ಕೆ ಕಟ್ಟುಪಾಡು ಹಾಕುವುದುಂಟು, ಹೊರಡುವ ಹಿಂದಿನ ದಿನ ವಿಚಾರಿಸಿ. ಇನ್ನೊಂದು ತೊಂದರೆ ಮಂಜು. ಹಗಲು ಹನ್ನೊಂದು ಗಂಟೆಗೂ ಹತ್ತು ಮೀಟರ್ ಕಾಣದ ಹಾಗೆ ಕವಿಯುತ್ತದೆ. ಹಿಂದೆ ಕೆಂಪು ದೀಪ ಇಲ್ಲದೆ ಈ ಘಾಟಿಗೆ ಇಳಿಯುವವರನ್ನು ಬಸ್ಸಿನ ಚಾಲಕ ನೋಡುವುದು ನೀವು ಅವನ ಬಂಪರಿನ ಕೆಳಗೆ ಇರುವಾಗ. ಮಂಜಿಗೆ ಮಿನುಗುವ ದೀಪಕ್ಕಿಂತ ಒಂದೇ ಸಮ ಉರಿಯುವ ದೀಪ ಒಳ್ಳೆಯದು. ಮಿನುಗುವುದರಲ್ಲಿ ದೂರದ ಅಂದಾಜು ಸಿಗುವುದಿಲ್ಲ.

ಸದ್ದಿಲ್ಲದ ಘಾಟಿ ಬೇಕೆಂದರೆ ಬಿಸ್ಲೆ. ಸಕಲೇಶಪುರದಿಂದ ಹೆತ್ತೂರು, ವಣಗೂರು ಮೇಲೆ ಬಿಸ್ಲೆ, ಅಲ್ಲಿಂದ ಕಾಡೊಳಗೆ ಇಳಿದು ಕುಳ್ಕುಂದ, ಸುಬ್ರಹ್ಮಣ್ಯ. ಎಲ್ಲ ಸೇರಿ ಸುಮಾರು 70 ಕಿ.ಮೀ. ಮೊದಲ ಎರಡು ಪಾಲು ಏಳುಬೀಳಿನ ತೋಟದ ದಾರಿ, ಕೊನೆಯ ಒಂದು ಪಾಲು ಬರೀ ಇಳಿಜಾರು, ಆರು–ಏಳು ನೂರು ಮೀಟರ್. ಬಿಸ್ಲೆಯ ಹತ್ತಿರ ಮಂಕನಹಳ್ಳಿಯಲ್ಲಿ ಒಂದು ದಿಣ್ಣೆ ಇದೆ, ರಸ್ತೆ ಪಕ್ಕದಲ್ಲೇ ಗುರುತು ಕಟ್ಟಿದ್ದಾರೆ. ಅದರ ಒಂದು ಮಗ್ಗುಲಿಗೆ ಬಿದ್ದ ಮಳೆ ಹೇಮಾವತಿ ಸೇರಿ ಕಾವೇರಿಯಾಗಿ ಬಂಗಾಳ ಕೊಲ್ಲಿಗೆ, ಇನ್ನೊಂದು ಮಗ್ಗುಲಿನದು ಕುಮಾರಧಾರೆ ಹಿಡಿದು ಅರಬ್ಬೀ ಸಮುದ್ರಕ್ಕೆ. ನೋಡಿದರೆ ಮಾಮೂಲಿ ದಿಣ್ಣೆ. ಗಮನಿಸದೆ ದಾಟುವವರೇ ಹೆಚ್ಚು. ಮುಂದೆ ಬಿಸ್ಲೆಯ ನೋಟದ ಜಾಗದಲ್ಲಿ ಎದುರಿಗೆ ಕಾಣುವುದು 1,712 ಮೀಟರಿನ ಕುಮಾರಪರ್ವತದ ಸಾಲು.

ವಣಗೂರು ದಾಟಿದ ಮೇಲೆ ಅಂಗಡಿ ನಂಬಬೇಡಿ, ಮೊಬೈಲಂತೂ ಬೇಡವೇ ಬೇಡ. ಎರಡು ಬಾಟಲಿ ನೀರು, ಪುಟ್ಟಬಾಳೆ, ಕಡಲೆಮಿಠಾಯಿ ಹೆತ್ತೂರಿನಲ್ಲೇ ತುಂಬಿಕೊಳ್ಳಿ. ಘಾಟಿಯ ಕಾಂಕ್ರೀಟಿನ ಮೇಲೆ ನೆರಳಿರುವ ತಿರುವುಗಳಲ್ಲಿ ಡಿಸೆಂಬರಿನವರೆಗೂ ಪಾಚಿ ಉಳಿದಿರುತ್ತದೆ. ರಸ್ತೆಯ ಅಂಚಿನಲ್ಲಿ ಹಸಿರು ಕಂಡರೆ ಅದು ಬಣ್ಣವಲ್ಲ, ಜಾರುಬಂಡೆ. ಗಾಲಿ ಉರುಳಿ ಉಜ್ಜಿದ ಪಟ್ಟಿಯಲ್ಲೇ ಇರಿ, ತಿರುವಿಗೆ ಮುಂಚೆ ವೇಗ ಇಳಿಸಿ, ತಿರುವಿನ ಒಳಗೆ ಬ್ರೇಕ್ ಮುಟ್ಟಬೇಡಿ. ಎದುರಿಗೆ ಏರಿ ಬರುವ ಬಸ್ಸಿಗೆ ದಾರಿ ಬಿಡಬೇಕಾದವರು ಇಳಿಯುವ ನೀವು.

ಈ ದಾರಿಯನ್ನು ಕೆಳಗಿನಿಂದ ಮೇಲೆ ಹತ್ತಬಹುದೇ? ಹತ್ತಬಹುದು, ಏಳಕ್ಕೆ ಕುಳ್ಕುಂದ ಬಿಟ್ಟರೆ ಸೆಖೆ ಏರುವ ಮುಂಚೆ ಮೇಲಿರುತ್ತೀರಿ. ಹತ್ತು ಗಂಟೆಗೆ ಶುರು ಮಾಡಿದರೆ ಕರಾವಳಿಯ ಬೆವರಿನಲ್ಲೇ ಎರಡು ಬಾಟಲಿ ಖಾಲಿ.

ಆನೆಯ ಲೆಕ್ಕ

ಸಕಲೇಶಪುರ, ಆಲೂರು, ಬೇಲೂರಿನ ಬಿಕ್ಕೋಡು–ಅರೇಹಳ್ಳಿ ಕಡೆ, ಮೂಡಿಗೆರೆ: ಈ ತೋಟಗಳಲ್ಲಿ ಆನೆ ವರ್ಷವಿಡೀ ಇವೆ. ಬೇಲೂರಿನಿಂದ ಪಶ್ಚಿಮಕ್ಕೆ ತೋಟದೊಳಗೆ ಹೋಗುವ ಒಳರಸ್ತೆಗಳು ಈ ಸೀಮೆಯಲ್ಲೇ ಅತಿ ನಿಶ್ಶಬ್ದ, ಕಾರಣವೂ ಇದೇ. ಸೈಕಲ್ಲಿಗೆ ಎಂಜಿನ್ ಸದ್ದಿಲ್ಲ; ಬೈಕು ಬರುತ್ತಿದೆ ಎಂದು ಆನೆಗೆ ಮುಂಚೆಯೇ ತಿಳಿಯುತ್ತದೆ, ನೀವು ತಿರುವಿನಲ್ಲಿ ದಿಢೀರ್ ಎದುರಾಗುತ್ತೀರಿ. ಅದಕ್ಕೇ ತೋಟದ ದಾರಿಗಳಲ್ಲಿ ಬೆಳಗ್ಗೆ ಏಳರ ಮುಂಚೆ, ಸಂಜೆ ಐದರ ಮೇಲೆ ಸೈಕಲ್ ಹೊರಗೆ ಇರಬಾರದು. ನೆರಳಿನ ತೋಟದಲ್ಲಿ ಕತ್ತಲೆ ಬಯಲಿಗಿಂತ ಅರ್ಧ ಗಂಟೆ ಮುಂಚೆ ಬೀಳುತ್ತದೆ ಎನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹಲಸು ಹಣ್ಣಾಗುವ ಮೇ–ಜೂನ್‌ನಲ್ಲಿ ರಸ್ತೆ ಪಕ್ಕದ ಮರಗಳ ಕೆಳಗೇ ಆನೆ ನಿಂತಿರುವುದುಂಟು, ಭತ್ತ ತೆನೆಯಾಗುವ ಕಾಲಕ್ಕೆ ಗದ್ದೆ ಬಯಲಿಗೆ ಇಳಿಯುತ್ತವೆ. ಗುರುತು: ಹಬೆಯಾಡುವ ಲದ್ದಿ, ಸೀಳಿ ಎಳೆದ ಬೈನೆ ಮರ, ಬಾಗಿ ಮಲಗಿದ ತಂತಿ ಬೇಲಿ. ಹೊರಡುವ ಮುಂಚೆ ಹೋಟೆಲಿನಲ್ಲಿ ‘ಅಣ್ಣ, ನಿನ್ನೆ ಆನೆ ಯಾವ ಕಡೆ ಇತ್ತು?’ ಎಂದು ಕೇಳುವುದು ಇಲ್ಲಿ ಹವಾಮಾನ ಕೇಳಿದಷ್ಟೇ ಸಹಜ. ತೋಟದವರಿಗೆ ಅರಣ್ಯ ಇಲಾಖೆಯ ಸಂದೇಶ ಮೊಬೈಲಿಗೆ ಬಂದಿರುತ್ತದೆ, ಖಚಿತವಾಗಿ ಹೇಳುತ್ತಾರೆ. ‘ಬೇಡ’ ಎಂದರೆ ವಾದ ಬೇಡ.

ಎದುರಾದರೆ ಬೆಲ್ ಬಾರಿಸಬೇಡಿ, ಫೋಟೋಗೆ ನಿಲ್ಲಬೇಡಿ. ಮೊದಲು ಸೈಕಲನ್ನು ಬಂದ ದಿಕ್ಕಿಗೆ ತಿರುಗಿಸಿ, ಆಮೇಲೆ ಹತ್ತಿ. ಏರಿನಲ್ಲಿ ನಿಮ್ಮ ವೇಗ ಎಂಟು, ಆನೆಯದು ಗಂಟೆಗೆ 20 ಕಿ.ಮೀ.ಗೂ ಹೆಚ್ಚು, ಪಂದ್ಯ ಕಟ್ಟಿ ಗೆಲ್ಲುವ ಮಾತಿಲ್ಲ. ಕೊನೆಗೆ ದಾಟಿ ಬಂದ ಲೈನ್‌ಮನೆಯವರೆಗೆ (ತೋಟದ ಆಳುಗಳ ಸಾಲುಮನೆ) ಹಿಂದಿರುಗಿ, ಅಲ್ಲಿಯ ಜನ ಹೇಳುವವರೆಗೆ ಕೂತಿರಿ.

ಗೇರು, ಬ್ರೇಕು, ಟ್ಯೂಬು

ಈ ಸೀಮೆಯಲ್ಲಿ ದುಬಾರಿ ಸೈಕಲ್ಲಿಗಿಂತ ಹಗುರ ಗೇರು ಮುಖ್ಯ. ಮುಂದೆ 34 ಹಲ್ಲು, ಹಿಂದೆ 28 ಇರುವ ರೋಡ್ ಬೈಕಿನಲ್ಲಿ ನಿಮಿಷಕ್ಕೆ 60 ಸುತ್ತು ತುಳಿದರೂ ಗಂಟೆಗೆ ಒಂಬತ್ತು ಕಿ.ಮೀ. ಓಡಲೇಬೇಕು. ಕಡಿದಾದ ತಿರುವಿನಲ್ಲಿ ಅಷ್ಟು ಬಲ ಎಲ್ಲರಲ್ಲಿಲ್ಲ. ತುಳಿತ 40ಕ್ಕೆ ಇಳಿದು ಮಂಡಿ ನೋವು ಶುರು. ಹಿಂದೆ 34 ಹಲ್ಲಿನ ಕ್ಯಾಸೆಟ್ (ಹಿಂಚಕ್ರದ ಗೇರ್ ಹಲ್ಲುಗಳ ಜೋಡಣೆ) ಹಾಕಿದರೆ ಅದೇ ತುಳಿತಕ್ಕೆ ಏಳೂವರೆ ಕಿ.ಮೀ. ಮುಂದೆ 28, ಹಿಂದೆ 32 ಇರುವ ಸಾಧಾರಣ ಹೈಬ್ರಿಡ್ ಆರೂವರೆಗೇ ಸಾಗುತ್ತದೆ, ಬಿಸ್ಲೆ ಹತ್ತುವಾಗ ಅದರ ಸವಾರನೇ ನಗುತ್ತಿರುತ್ತಾನೆ. ಕ್ಯಾಸೆಟ್ ಬದಲಿಸುವ ಮುಂಚೆ ನಿಮ್ಮ ಹಿಂದಿನ ಡಿರೇಲರ್ 34ನ್ನು ತಡೆಯುತ್ತದೆಯೇ ನೋಡಿ. ಗಿಡ್ಡ ಕೇಜಿನದಾದರೆ (ಆ ಎರಡು ಪುಟ್ಟ ಚಕ್ರ ಹಿಡಿದ ತೋಳು ಗಿಡ್ಡವಾದರೆ) ತಡೆಯುವುದಿಲ್ಲ, ಚೈನೂ ಒಂದೆರಡು ಕೊಂಡಿ ಉದ್ದ ಬೇಕಾಗುತ್ತದೆ.

ಇಳಿಜಾರಿನಲ್ಲಿ ಬ್ರೇಕನ್ನು ಒಂದೇ ಸಮ ಸವರಿಕೊಂಡು ಬರುವುದು ಎಲ್ಲರೂ ಮಾಡುವ ತಪ್ಪು. ರಿಮ್ ಬ್ರೇಕ್ ಇದ್ದರೆ ರಿಮ್ ಕಾದು, ಒಳಗಿನ ಗಾಳಿ ಹಿಗ್ಗಿ, ಟ್ಯೂಬ್ ಒಡೆಯುವುದುಂಟು. ಎರಡನ್ನೂ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಪೂರ್ತಿ ಬಿಡಿ, ಮತ್ತೆ ಹಿಡಿಯಿರಿ. ನಾಲ್ಕೈದು ಕಿ.ಮೀ.ಗೆ ಒಮ್ಮೆ ನಿಂತು ಅಂಗೈಯನ್ನು ರಿಮ್ಮಿನ ಹತ್ತಿರ ಒಡ್ಡಿ ನೋಡಿ, ಮುಟ್ಟಬೇಡಿ. ಮಳೆಯಲ್ಲಿ ಕೆಂಪುಮಣ್ಣಿನ ರವೆ ಪ್ಯಾಡಿಗೆ ಮೆತ್ತಿ ಮರಳುಕಾಗದದ ಹಾಗೆ ಕೆರೆಯುತ್ತದೆ. ಘಾಟಿ ಇಳಿಯುವ ಮುಂಚೆ ಅರ್ಧ ಬಾಟಲಿ ನೀರು ರಿಮ್ಮಿಗೂ ಪ್ಯಾಡಿಗೂ ಸುರಿದು ತೊಳೆದರೆ ಪ್ಯಾಡು ಹೆಚ್ಚು ದಿನ ಬರುತ್ತದೆ. ಕೇಬಲ್ಲಿನ ಡಿಸ್ಕ್ ಬ್ರೇಕಿನಲ್ಲಿ ಪ್ಯಾಡು ಸವೆದಂತೆ ಲಿವರ್ ಹ್ಯಾಂಡಲಿಗೆ ಹತ್ತಿರ ಬರುತ್ತದೆ. ಅಡ್ಜಸ್ಟರ್ ಅರ್ಧ ಸುತ್ತು ಬಿಗಿ ಮಾಡಿ. ಪ್ಯಾಡಿನ ಸರಕು ಒಂದು ಮಿ.ಮೀ.ಗೆ ಬಂದಿದ್ದರೆ ಘಾಟಿಗೆ ಮುಂಚೆಯೇ ಬದಲಿಸಿ.

ಪಂಚರಿಗೆ ಇಲ್ಲಿ ಎರಡು ಕಾರಣ. ಒಂದು, ಬೇಲಿ ಸವರಿದ ಮೇಲೆ ರಸ್ತೆಗೆ ಬಿದ್ದ ಬಿದಿರಿನ ಮುಳ್ಳು. ತುದಿ ಟೈರಿನೊಳಗೇ ಮುರಿದು ಉಳಿಯುತ್ತದೆ, ಹೊರಗೆ ಕಾಣುವುದಿಲ್ಲ. ಟ್ಯೂಬ್ ಬದಲಿಸುವಾಗ ಟೈರಿನ ಒಳಮೈಯನ್ನು ಬಟ್ಟೆ ತುಂಡಿನಿಂದ ಪೂರ್ತಿ ಒರೆಸಿ. ಬಟ್ಟೆ ಸಿಕ್ಕಿಕೊಂಡ ಕಡೆ ಮುಳ್ಳಿದೆ. ಇದನ್ನು ಮಾಡದೆ ಹೊಸ ಟ್ಯೂಬ್ ಹಾಕಿದವರಿಗೆ ಎರಡು ಕಿ.ಮೀ.ಗೆ ಎರಡನೆಯ ಪಂಚರ್. ಇನ್ನೊಂದು, ಡಾಂಬರಿನ ಅಂಚು. ಬಸ್ಸಿಗೆ ದಾರಿ ಬಿಡಲು ಕೆಳಗಿಳಿದು ಮತ್ತೆ ಹತ್ತುವಾಗ ಆ ಕೊಚ್ಚಿದ ಅಂಚಿಗೆ ರಿಮ್ ಬಡಿದು ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು. 25 ಮಿ.ಮೀ. ಟೈರಿಗೆ ಇದು ದಿನದ ಪಾಡು. 32 ಮಿ.ಮೀ. ಹಾಕಿ, 70 ಕೆ.ಜಿ. ತೂಕದವರು ಮುಂದೆ 50ರಿಂದ 55, ಹಿಂದೆ 55ರಿಂದ 60 ಪಿಎಸ್‌ಐ ಗಾಳಿ ಇಟ್ಟರೆ ಸಾಕು. ಹಳ್ಳಿಯ ಸೈಕಲ್ ಅಂಗಡಿಯ ಪಂಪು ನಿಮ್ಮ ಸಣ್ಣ ಮೂತಿಯ ಪ್ರೆಸ್ಟಾ ವಾಲ್ವಿಗೆ ಕೂರುವುದಿಲ್ಲ. ಹಿತ್ತಾಳೆಯ ಅಡಾಪ್ಟರ್ ಒಂದನ್ನು ವಾಲ್ವಿಗೇ ಸಿಕ್ಕಿಸಿಟ್ಟಿರಿ, ಬೈಕಿನ ಪಂಚರ್ ಅಂಗಡಿಯವರೂ ಗಾಳಿ ಹಿಡಿಯುತ್ತಾರೆ.

ಯಾವ ತಿಂಗಳು

ಅಕ್ಟೋಬರ್ ಕೊನೆಯಿಂದ ನವೆಂಬರ್ ಎಲ್ಲಕ್ಕೂ ಒಳ್ಳೆಯದು. ಅರೇಬಿಕಾ ಕುಯ್ಲು ಡಿಸೆಂಬರಿನಲ್ಲಿ ಜೋರು, ರೋಬಸ್ಟಾ ಜನವರಿಯಿಂದ. ಆಗ ತೋಟದ ದಾರಿಗಳಲ್ಲಿ ಬೆಳಗ್ಗೆ ಏಳೂವರೆಯಿಂದ ಎಂಟೂವರೆ ಮತ್ತು ಸಂಜೆ ನಾಲ್ಕೂವರೆಯ ನಂತರ ಆಳು ತುಂಬಿದ ಜೀಪು, ಪಿಕಪ್ ಸಾಲಾಗಿ ಓಡುತ್ತವೆ. ಆ ಹೊತ್ತು ಹೋಟೆಲಿನಲ್ಲಿ ಕಳೆಯಿರಿ. ಮಾರ್ಚ್–ಏಪ್ರಿಲಿನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಹೂ ಬಿಡುತ್ತದೆ. ಆ ಎರಡು ಮೂರು ದಿನ ಆಲ್ದೂರು, ಬಾಳೂರು ಕಡೆಯ ಗಾಳಿಯೇ ಬೇರೆ. ದಿನ ಮುಂಚೆ ಗೊತ್ತಾಗುವುದಿಲ್ಲ, ಮಳೆ ಬಿದ್ದ ಸುದ್ದಿ ಕೇಳಿ ಎಣಿಸಿಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳವಾಡಿ ಸುತ್ತು ಮಾತ್ರ. ಮಲೆನಾಡಿನ ಮಳೆಯಲ್ಲಿ ಹೋಗಿಯೇ ತೀರುತ್ತೇನೆ ಎನ್ನುವವರು ಇಂಬಳಕ್ಕೆ (ಜಿಗಣೆಗೆ) ಉಪ್ಪಿನ ಗಂಟು ಇಟ್ಟುಕೊಳ್ಳಿ, ಹುಲ್ಲಿನ ಮೇಲೆ ನಿಂತು ಪಂಚರ್ ಹಾಕಬೇಡಿ, ಡಾಂಬರಿನ ಮೇಲೆ ಕೂರಿ.

ವಾಪಸು ಬರುವುದು

ಸುತ್ತಿನ ದಾರಿಗೆ ಈ ಚಿಂತೆಯಿಲ್ಲ. ಬಿಸ್ಲೆ ಇಳಿದವರಿಗೆ, ಬಾಳೆಹೊನ್ನೂರಿನಲ್ಲಿ ನಿಂತವರಿಗೆ ಇದೆ. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಸೈಕಲ್ಲಿಗೆ ಲಗೇಜ್ ಟಿಕೆಟ್ ಕೊಡುತ್ತಾರೆ, ಆದರೆ ಹತ್ತಿಸುವುದು ಕಂಡಕ್ಟರಿನ ಮರ್ಜಿ ಮತ್ತು ಬಸ್ಸಿನ ಜಾಗ. ಬಸ್ ಶುರುವಾಗುವ ನಿಲ್ದಾಣಕ್ಕೇ ಹೋಗಿ. ನಡುದಾರಿಯಲ್ಲಿ ಕೈ ಅಡ್ಡ ಹಿಡಿದರೆ ನಿಲ್ಲಿಸುವುದಿಲ್ಲ. ಎರಡೂ ಚಕ್ರ ಬಿಚ್ಚಿ, ಫ್ರೇಮಿಗೆ ಕಟ್ಟಿ, ಚೈನಿನ ಕಡೆಗೆ ಹಳೆಯ ಗೋಣಿಚೀಲ ಸುತ್ತಿ. ಚೈನಿನ ಎಣ್ಣೆ ಬೇರೆಯವರ ಬ್ಯಾಗಿಗೆ ತಾಗುವುದಿಲ್ಲ ಎಂದು ಕಣ್ಣಾರೆ ಕಂಡರೆ ಹೆಚ್ಚಿನ ಕಂಡಕ್ಟರುಗಳು ‘ಹಾಕಿ ಸಾರ್’ ಎನ್ನುತ್ತಾರೆ. ಡಿರೇಲರ್ ಇರುವ ಮಗ್ಗುಲು ಮೇಲೆ ಬರುವಂತೆ ಮಲಗಿಸಿ, ಅದರ ಮೇಲೆ ಯಾರೂ ತರಕಾರಿ ಮೂಟೆ ಇಡದಂತೆ ಹತ್ತಿರವೇ ಕೂರಿ.